*ಆರೋಗ್ಯ ಮಾಹಿತಿ: ಗಾಂಜಾ ಸಾರಕ್ಕೆ ಹಣ್ಣಿನ ರುಚಿ ಬರುವುದು ಎಲ್ಲಿಂದ?*

ನಿಂಬೆ ಸಿಪ್ಪೆಯನ್ನು ಉಗುರಿನಿಂದ ಗೀರಿ ನೋಡಿ, ಘಮ್ಮೆನ್ನುತ್ತದೆ. ಕಾಳುಮೆಣಸು ಜಜ್ಜಿದರೂ ಅಷ್ಟೇ. ಈ ಪರಿಮಳ ಬಹುಪಾಲು ಟರ್ಪೀನ್ ಎಂಬ, ಬೇಗ ಆವಿಯಾಗುವ ಎಣ್ಣೆಯಂಶಗಳದ್ದು. ಗಾಂಜಾ ಗಿಡದಲ್ಲೂ ಇವೇ ಇವೆ.

*ಯಾವುದರಿಂದ ಯಾವ ವಾಸನೆ?*
• ಲಿಮೊನೀನ್: ನಿಂಬೆ, ಕಿತ್ತಳೆ ಸಿಪ್ಪೆ
• ಮಿರ್ಸೀನ್: ಮಾವಿನ ಹಣ್ಣಿನಲ್ಲೂ ಇರುತ್ತದೆ
• ಪೈನೀನ್: ಪೈನ್ ಮರ
• ಲಿನಲೂಲ್: ಧನಿಯಾ, ಲ್ಯಾವೆಂಡರ್
• ಕ್ಯಾರಿಯೊಫಿಲೀನ್: ಕಾಳುಮೆಣಸು, ಲವಂಗ

*ಸಾರದಲ್ಲಿ ಏನಾಗುತ್ತದೆ?*
ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಗಾಂಜಾದಿಂದ ತೆಗೆದ ಎಣ್ಣೆ, ಮೇಣದಂಥ ಸಾರಗಳನ್ನು ವಯಸ್ಕರಿಗೆ ಕಾನೂನುಬದ್ಧವಾಗಿ ಮಾರುತ್ತಾರೆ. ಡಬ್ಬಿ ಮುಚ್ಚದೆ ಇಟ್ಟ ಸಾರಿನ ಪುಡಿಯ ಘಮ ಹಾರಿಹೋಗುವಂತೆ, ಗಿಡವನ್ನು ಒಣಗಿಸಿ ಕಾಯಿಸಿದಾಗ ಟರ್ಪೀನ್ ಹಾರಿಹೋಗುತ್ತದೆ. ಹಸಿ ಗಿಡವನ್ನೇ ಹೆಪ್ಪುಗಟ್ಟಿಸಿ ತೆಗೆದ ಸಾರದಲ್ಲಿ ಘಮ ಉಳಿಯುತ್ತದೆ. ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆಗ ತಯಾರಕರು ಟರ್ಪೀನನ್ನು ಹೊರಗಿನಿಂದ ಬೆರೆಸುತ್ತಾರೆ, ಕೆಲವೊಮ್ಮೆ ಬೇರೆ ಗಿಡಗಳಿಂದ ತೆಗೆದದ್ದನ್ನು.

*ನೆನಪಿಡಬೇಕಾದ ಮೂರು ಮಾತು*

1. ಅಮಲು ತರುವುದು ಟಿಎಚ್‌ಸಿ. ಅದಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಒಣ ಹೂವಿನಲ್ಲಿ ಅದು ಸಾಮಾನ್ಯವಾಗಿ ಶೇ. 15ರಿಂದ 25 ಇದ್ದರೆ, ಸಾರದಲ್ಲಿ ಶೇ. 60ರಿಂದ 90ರವರೆಗೂ ಇರುತ್ತದೆ. ಮಾವಿನ ರುಚಿ ಇದೆ ಎಂದ ಮಾತ್ರಕ್ಕೆ ಅದು ಸೌಮ್ಯವಲ್ಲ.

2. ಅಡುಗೆಮನೆಯಲ್ಲಿ ತಿನ್ನುವ ವಸ್ತುವನ್ನೇ ಸುಟ್ಟು ಎದೆಗೆಳೆದುಕೊಂಡರೆ ಕಥೆ ಬೇರೆ. ಟರ್ಪೀನನ್ನು ಅತಿಯಾಗಿ ಕಾಯಿಸಿದರೆ ಕ್ಯಾನ್ಸರ್‌ಕಾರಕ ಬೆಂಜೀನ್ ಹುಟ್ಟುತ್ತದೆ ಎಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದರು.

3. ಕಳ್ಳಮಾರುಕಟ್ಟೆಯ ಎಣ್ಣೆಯಲ್ಲಿ ಏನು ಬೆರೆತಿದೆ ಎಂದು ಮೂಗಿಗೆ ತಿಳಿಯದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಬಂತು. 2020ರ ಫೆಬ್ರವರಿ ವೇಳೆಗೆ 2,807 ಪ್ರಕರಣ, 68 ಸಾವು. ಎಣ್ಣೆ ಗಟ್ಟಿಯಾಗಿ ಕಾಣಲೆಂದು ಬೆರೆಸುತ್ತಿದ್ದ ವಿಟಮಿನ್ ಇ ಅಸಿಟೇಟ್ ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು.

*ನಮ್ಮ ದೇಶದಲ್ಲಿ* ಚರಸ್ ಮತ್ತು ಹಶೀಶ್ ಎಣ್ಣೆ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ನಿಷಿದ್ಧ. ಇ-ಸಿಗರೇಟ್ ಮಾರಾಟಕ್ಕೆ 2019ರಿಂದ ನಿಷೇಧವಿದೆ.

*ಮನೆಯವರು ಏನು ಮಾಡಬೇಕು?*
ಪುಣೆ, ಹೈದರಾಬಾದ್, ದೆಹಲಿಯ ಹಾಸ್ಟೆಲ್‌ಗಳಲ್ಲಿ ಅಥವಾ ಹೊರದೇಶದಲ್ಲಿ ಓದುತ್ತಿರುವ ಮಕ್ಕಳೊಡನೆ ಈ ವಿಷಯ ಮಾತಾಡಿ. ಗದರಿಸಬೇಡಿ, "ಬರೀ ಫ್ಲೇವರ್ ಅಮ್ಮಾ" ಎಂದರೆ ಮೇಲಿನ ಮೂರು ಮಾತು ಹೇಳಿ. ವೇಪ್ ಸೇದಿದ ಮೇಲೆ ಕೆಮ್ಮು, ಉಸಿರಾಟದ ತೊಂದರೆ, ಎದೆನೋವು, ವಾಂತಿ ಅಥವಾ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು ಸೇದಿದ್ದು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಚಿಕಿತ್ಸೆ ಅದರ ಮೇಲೆ ನಿಂತಿದೆ. ಚಟ ಬಿಡಿಸಲು ನೆರವು ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.

ಹದಿಹರೆಯದ ಮಕ್ಕಳಿರುವ ನಿಮ್ಮ ಬಂಧುಮಿತ್ರರಿಗೂ ಇದನ್ನು ತಲುಪಿಸಿ. 🙏