ಹಕ್ಕಿಯ ದಾರಿ, ಬಸ್ಸಿನ ದಾರಿ

"ಸುರಪುರದಿಂದ ಯಾದಗಿರಿ ಎಷ್ಟು ದೂರ ಐತ್ರಿ?" ಎಂದು ಯಾರಾದರೂ ಕೇಳಿದರೆ ನಾವು "ಎರಡು ತಾಸಿನ ದಾರಿ" ಎನ್ನುತ್ತೇವೆ. ತಾಸು ಎಂದರೆ ಸಮಯ. ದೂರವನ್ನು ಅಳೆಯುವುದು ಕಿಲೋಮೀಟರಿನಲ್ಲಿ.

ಹಕ್ಕಿ ನೆಟ್ಟಗೆ ಹಾರುತ್ತದೆ. ಅದಕ್ಕೆ ಸುರಪುರದಿಂದ ಯಾದಗಿರಿ ಸುಮಾರು 50 ಕಿಲೋಮೀಟರ್. ಬಸ್ಸು ಹಾಗೆ ಹೋಗಲಾರದು. ಶಹಾಪುರಕ್ಕೆ ಬರಬೇಕು. ಅಲ್ಲಿಂದ ತಿರುಗಿ ಭೀಮಾ ನದಿಯ ಸೇತುವೆ ದಾಟಬೇಕು. ಅದರ ದಾರಿ ಸುಮಾರು 60 ಕಿಲೋಮೀಟರ್.

ಬಸ್ಸು ತಾಸಿಗೆ 40 ಕಿಲೋಮೀಟರ್ ಓಡಿದರೆ 60 ಕಿಲೋಮೀಟರಿಗೆ ಒಂದೂವರೆ ತಾಸು ಬೇಕು. ನಡುವೆ ಅರ್ಧ ತಾಸು ನಿಂತರೆ ಒಟ್ಟು ಎರಡು ತಾಸು.

ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಬೆಂಗಳೂರಿಗೆ ವಿಮಾನ ಹಾರಿದರೆ ಸುಮಾರು ಒಂದು ತಾಸು ಸಾಕು. ಆದರೆ ಸುರಪುರದಿಂದ ಕಲಬುರಗಿ ಮುಟ್ಟುವ ಸಮಯವನ್ನೂ ಕೂಡಿಸಬೇಕು. ಲೆಕ್ಕ ಮನೆಯ ಬಾಗಿಲಿಂದಲೇ ಶುರು.

ಈ ಲೆಕ್ಕ ನಮಗ್ಯಾಕೆ ಬೇಕು? ಮನೆಯಲ್ಲಿ ಬಸುರಿ ಇದ್ದಾಳೆ ಅನ್ನಿ. ನೋವು ಶುರುವಾದ ಮೇಲೆ ದಾರಿ ಕೇಳುತ್ತಾ ಕೂಡಬಾರದು. ತಾಲ್ಲೂಕು ದವಾಖಾನೆ ಎಷ್ಟು ದೂರ, ಯಾದಗಿರಿಯ ಜಿಲ್ಲಾ ದವಾಖಾನೆ ಎಷ್ಟು ದೂರ ಎಂದು ಮೊದಲೇ ಬರೆದಿಡೋಣ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದು ನಮ್ಮೂರಿಗೆ ಬರುವ ಸಮಯ, ನಮ್ಮೂರಿಂದ ದವಾಖಾನೆಗೆ ಹೋಗುವ ಸಮಯ, ಎರಡನ್ನೂ ಕೂಡಿಸೋಣ. ಬೇಗ ಹೊರಡೋಣ. ಹೊತ್ತಿಗೆ ಮುಟ್ಟಿದರೆ ತಾಯಿಗೂ ಒಳ್ಳೆಯದು, ಕೂಸಿಗೂ ಒಳ್ಳೆಯದು.

ಲೆಕ್ಕ ಮಾಡಿರಿ:
1. ಜೀಪು ತಾಸಿಗೆ 30 ಕಿಲೋಮೀಟರ್ ಓಡಿದರೆ ಸುರಪುರದಿಂದ ಯಾದಗಿರಿಗೆ ಎಷ್ಟು ತಾಸು?
2. ನಿಮ್ಮೂರಿಂದ ದವಾಖಾನೆ ಎಷ್ಟು ಕಿಲೋಮೀಟರ್? ಮನೆಯ ಗೋಡೆ ಮೇಲೆ ಬರೆಯಿರಿ.