ಒಂದು ಕೊಂಬೆ, ಎರಡು ಹೂ, ತೆರವಾದ ಬಾಗಿಲು

ಫೆಂಗ್ ಶುಯಿ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಂಗಡಿಯ ಕಪಾಟು: ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ಕೆಂಪು ದಾರಕ್ಕೆ ಪೋಣಿಸಿದ ಚೀನೀ ಕಾಸು, ಟಿಣ್‌ಟಿಣ್ ಎನ್ನುವ ಗಾಳಿಗಂಟೆ. ಇವ್ಯಾವುದನ್ನೂ ಕೊಳ್ಳದೆ ಅದರ ತಿರುಳನ್ನಷ್ಟೇ ಮನೆಗೆ ತರಬಹುದು. ಜೊತೆಗೆ ಜಪಾನಿನ ಹೂಜೋಡಣೆಯಾದ ಇಕೆಬಾನದಿಂದ ಒಂದೆರಡು ಪಾಠ ಸೇರಿಸಿಕೊಂಡರೆ ಮನೆಗೆ ಬೇರೆಯೇ ಕಳೆ ಬರುತ್ತದೆ.

1. ಬಾಗಿಲಿನಿಂದ ಶುರು ಮಾಡಿ.
ಮನೆಯೊಳಗೆ ಹರಿಯುವ ಚೈತನ್ಯವನ್ನು ಚೀನೀಯರು 'ಚಿ' ಎನ್ನುತ್ತಾರೆ. ಅದು ಮುಂಬಾಗಿಲಿನಿಂದಲೇ ಒಳಬರಬೇಕು ಎಂಬುದು ಫೆಂಗ್ ಶುಯಿಯ ನಂಬಿಕೆ. ಚಿಯನ್ನು ನಂಬಿ, ಬಿಡಿ. ಹೊಸಿಲಿಗೆ ಅಚ್ಚುಕಟ್ಟಾಗಿ ರಂಗೋಲಿ ಹಾಕಿ ಪಕ್ಕದಲ್ಲೇ ಚಪ್ಪಲಿ ರಾಶಿ, ಕೊರಿಯರ್ ಡಬ್ಬ, ಹಳೇ ಪೇಪರ್ ಕಟ್ಟು ಪೇರಿಸಿದರೆ ಬಂದವರಿಗೆ ಮೊದಲು ಕಾಣುವುದು ಯಾವುದು? ಕದ ಗೋಡೆಗೆ ತಾಗುವಷ್ಟು ಪೂರ್ತಿ ತೆರೆಯಬೇಕು. ಅದರ ಹಿಂದೆ ಏನೂ ಇರಕೂಡದು, ಕೊಡೆ ಕೂಡ.

2. ದಿಕ್ಕಿಗಿಂತ ಕಾರಣ ಮುಖ್ಯ.
ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ದಕ್ಷಿಣಕ್ಕೆ ಮುಖ: ಚೀನೀಯರ ಆದರ್ಶ ಮನೆ ಇದು. ಅಲ್ಲಿ ಚಳಿಗಾಲದಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬೀಸುತ್ತದೆ, ದಕ್ಷಿಣದಿಂದ ಬಿಸಿಲು ಬೀಳುತ್ತದೆ. ಆ ಹವೆಗೆ ಅದು ಸರಿ. ನಮ್ಮಲ್ಲಿ ಜೂನ್ ಬಂತೆಂದರೆ ಮಳೆಗಾಳಿ ನೈಋತ್ಯದಿಂದ ಹೊಡೆಯುತ್ತದೆ, ಬೇಸಿಗೆಯ ಸಂಜೆ ಪಡುವಣ ಗೋಡೆ ಕಾದು ಕೆಂಡವಾಗುತ್ತದೆ. ಹಾಗಾಗಿ ನಿಮ್ಮ ಮನೆಗೆ ಗಾಳಿ ಎಲ್ಲಿಂದ ಬರುತ್ತದೆ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಒಂದು ಭಾನುವಾರ ನೀವೇ ಗಮನಿಸಿ. ವಾಸ್ತು ಮತ್ತು ಫೆಂಗ್ ಶುಯಿಯನ್ನು ಕಲಸಬೇಡಿ. ವಾಸ್ತು ಹೇಳುವವರು ದಕ್ಷಿಣದ ಬಾಗಿಲು ಕಂಡರೆ ಹೌಹಾರುತ್ತಾರೆ, ಫೆಂಗ್ ಶುಯಿಗೆ ಬೇಕಾದದ್ದೇ ಅದು. ಎರಡನ್ನೂ ಚಾಚೂತಪ್ಪದೆ ಪಾಲಿಸಲು ಹೊರಟರೆ ಮನೆಗೆ ಬಾಗಿಲೇ ಇಡಲಾಗದು.

3. ಮಲಗಿದಲ್ಲಿಂದ ಬಾಗಿಲು ಕಾಣಲಿ.
ಆದರೆ ಮಂಚ ಬಾಗಿಲಿಗೆ ನೇರವಾಗಿರುವುದು ಬೇಡ. ತಲೆಯ ಹಿಂದೆ ಗಟ್ಟಿ ಗೋಡೆ ಇರಲಿ. ಯಾರು ಬಂದರು ಹೋದರು ಎಂಬುದು ಕಣ್ಣಿಗೆ ಬೀಳುವ ಜಾಗದಲ್ಲಿ ನಿದ್ದೆ ನಿರಾಳ. ಫ್ಲ್ಯಾಟಿನ ಕೋಣೆಯಲ್ಲಿ ಮಂಚ ತಿರುಗಿಸಲು ಜಾಗವಿಲ್ಲವೇ? ಇದನ್ನು ಬಿಟ್ಟು ಮುಂದಕ್ಕೆ ಹೋಗಿ.

4. ಹೂ ಇಡುವ ಮೊದಲು ಸಾಮಾನು ಇಳಿಸಿ.
ಜಪಾನಿನ ಚಹಾಕೋಣೆಯಲ್ಲಿ ತೊಕೊನೊಮ ಎಂಬ ಗೂಡು ಇರುತ್ತದೆ. ಅಲ್ಲಿ ತೂಗುಹಾಕಿದ ಒಂದು ಬರಹವೋ ಚಿತ್ರವೋ, ಕೆಳಗೊಂದು ಹೂ, ಅಷ್ಟೇ. 16ನೇ ಶತಮಾನದ ಚಹಾಗುರು ಸೆನ್ ನೊ ರಿಕ್ಯೂ ಬಗ್ಗೆ ಪ್ರಸಿದ್ಧ ಕಥೆಯೊಂದಿದೆ. ಅವನ ತೋಟದ ಮಾರ್ನಿಂಗ್ ಗ್ಲೋರಿ ಹೂಗಳ ಸುದ್ದಿ ಕೇಳಿ ದೊರೆಯಂತಿದ್ದ ಹಿದೆಯೋಶಿ ನೋಡಲು ಬಂದನಂತೆ. ತೋಟದಲ್ಲಿ ಒಂದು ಹೂವೂ ಇಲ್ಲ, ಎಲ್ಲ ಕತ್ತರಿಸಿಹಾಕಿದ್ದಾನೆ! ಸಿಟ್ಟಿನಿಂದ ಒಳಗೆ ಹೊಕ್ಕರೆ ಗೂಡಿನಲ್ಲಿ ಒಂದೇ ಒಂದು ಹೂ. ನೀವು ತೋಟ ಬೋಳಿಸಬೇಕಿಲ್ಲ. ಶೋಕೇಸಿನ ಒಂದು ಅಂಕಣ ಖಾಲಿ ಮಾಡಿ ಸಾಕು. ಪ್ರವಾಸದಿಂದ ತಂದ ತಾಜ್‌ಮಹಲ್, ಮಗಳ ಮೂರನೇ ಕ್ಲಾಸಿನ ಕಪ್ಪು, ನಿಂತುಹೋದ ಗಡಿಯಾರ ಬೇರೆಡೆಗೆ ಹೋಗಲಿ.

5. ತೊಟ್ಟು ಕೇಳಿ ಕೊಳ್ಳಿ.
ಇಕೆಬಾನದ ಬೇರು ಬೌದ್ಧರ ಪುಷ್ಪಾರ್ಪಣೆಯಲ್ಲಿದೆ. ಕ್ಯೋಟೊದ ರೊಕ್ಕಕುದೊ ದೇಗುಲದ ಇಕೆನೊಬೊ ಪರಂಪರೆಯ ಹೂಜೋಡಣೆಯ ಮಾತು 1462ರ ದಿನಚರಿಯೊಂದರಲ್ಲೇ ಬರುತ್ತದೆ. ನಾವೂ ದೇವರಿಗೆ ಹೂ ಏರಿಸುವವರೇ, ಆದರೆ ನಮ್ಮ ಹೂವಿಗೆ ತೊಟ್ಟಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆ ಕಿಲೋ ಲೆಕ್ಕ, ಮಲ್ಲಿಗೆ ಮೊಳದ ಲೆಕ್ಕ. ಇಕೆಬಾನಕ್ಕೆ ತೊಟ್ಟೇ ಜೀವ. ಗೆರೆ, ಬಾಗು, ಎಲೆ ಎಲ್ಲ ಅಲ್ಲಿಯೇ ಇರುವುದು. ಆದ್ದರಿಂದ ಉದ್ದ ಕಡ್ಡಿಯ ಸೇವಂತಿಗೆ, ಸುಗಂಧರಾಜ, ಜರ್ಬೆರಾ ಕೇಳಿ. ಕೊಂಬೆಗೆ ದುಡ್ಡೇಕೆ? ಹಿತ್ತಿಲ ಸೀಬೆ, ದಾಳಿಂಬೆ, ಕಾಗದದ ಹೂವಿನ ಗಿಡ ಧಾರಾಳವಾಗಿ ಕೊಡುತ್ತವೆ.

6. ಅಳತೆ ಹಿಡಿಯಿರಿ.
ಸೋಫು ತೆಶಿಗಹಾರಾ 1927ರಲ್ಲಿ ಕಟ್ಟಿದ ಸೊಗೆತ್ಸು ಶಾಲೆಯ ಲೆಕ್ಕ ಹೊಸಬರಿಗೆ ಬಹಳ ಅನುಕೂಲ. ಪಾತ್ರೆಯ ಅಗಲ ಮತ್ತು ಆಳ ಕೂಡಿಸಿ ಒಂದೂವರೆಯಿಂದ ಗುಣಿಸಿ; ಅದು ಮುಖ್ಯ ಕೊಂಬೆಯಾದ 'ಶಿನ್' ಉದ್ದ. ಅದರ ಮುಕ್ಕಾಲು 'ಸೊಯೆ', ಸೊಯೆಯ ಮುಕ್ಕಾಲು 'ಹಿಕಾಯೆ'. ಅಡುಗೆಮನೆಯ ಸಾರಿನ ಬಟ್ಟಲನ್ನೇ ತೆಗೆದುಕೊಳ್ಳೋಣ: ಅಗಲ 20 ಸೆಂ.ಮೀ., ಆಳ 5. ಕೂಡಿದರೆ 25. ಶಿನ್ ಸುಮಾರು 37 ಸೆಂ.ಮೀ., ಸೊಯೆ 28, ಹಿಕಾಯೆ 21. ಶಿನ್ ಅನ್ನು ನೆಟ್ಟಗಿಂತ 15 ಡಿಗ್ರಿ, ಸೊಯೆಯನ್ನು 45 ಡಿಗ್ರಿ ಬಾಗಿಸಿ ಎಡಮುಂದಕ್ಕೆ ಚುಚ್ಚಿ. ಹಿಕಾಯೆಯನ್ನು 75 ಡಿಗ್ರಿ ಬಾಗಿಸಿ ಬಲಮುಂದಕ್ಕೆ. ಮೊದಲೆರಡು ಸೀಬೆ ಕೊಂಬೆಯಾಗಲಿ, ಮೂರನೆಯದು ಹಳದಿ ಸೇವಂತಿಗೆ. ಬುಡ ಮರೆಮಾಡಲು ಗಿಡ್ಡನೆಯ ಇನ್ನೊಂದು ಹೂ. ಕೊಂಬೆಯ ಎಲೆಗಳಲ್ಲಿ ಅರ್ಧ ಕಿತ್ತುಹಾಕಿ. ಕೈ ನಡುಗುತ್ತದೆ, ಆದರೂ ಕೀಳಿ. ಆಗಲೇ ಕೊಂಬೆಯ ಬಾಗು ಎದ್ದು ಕಾಣುವುದು.

ಚುಚ್ಚಲು ಬೇಕಾದದ್ದು ಕೆನ್‌ಜಾನ್, ಅಂದರೆ ಭಾರದ ತಳಕ್ಕೆ ಹಿತ್ತಾಳೆ ಮುಳ್ಳು ನೆಟ್ಟ ಬಿಲ್ಲೆ. ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ತರಬೇಕಾದ ಸಲಕರಣೆ ಇದೊಂದೇ, ಹಾಳಾಗುವುದೂ ಇಲ್ಲ. ಅಗ್ಗವೆಂದು ಹೂ ಚುಚ್ಚುವ ಹಸಿರು ಸ್ಪಂಜು ತರಬೇಡಿ. ಅದು ಪ್ಲಾಸ್ಟಿಕ್, ಪುಡಿಯಾಗಿ ನೀರಿಗೆ, ಮಣ್ಣಿಗೆ ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ.

7. ನೀರೊಳಗೆ ಕತ್ತರಿಸಿ, ದಿನವೂ ನೀರು ಬದಲಿಸಿ.
ಬೋಗುಣಿಯ ನೀರಲ್ಲಿ ತೊಟ್ಟು ಮುಳುಗಿಸಿಕೊಂಡೇ ಓರೆಯಾಗಿ ಕತ್ತರಿಸಿದರೆ ಒಳಗೆ ಗಾಳಿ ಸೇರುವುದಿಲ್ಲ, ಹೂ ಚೆನ್ನಾಗಿ ನೀರು ಹೀರುತ್ತದೆ. ನೀರಿಗೆ ತಾಗುವ ಎಲೆ ತೆಗೆಯಿರಿ, ಇಲ್ಲವಾದರೆ ಮಾರನೇ ದಿನವೇ ನಾತ. ಜರ್ಬೆರಾಗೆ ಎರಡು ಬೆರಳು ನೀರು ಸಾಕು, ಹೆಚ್ಚಾದರೆ ದಂಟು ಕೊಳೆಯುತ್ತದೆ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ ಬಾಡಿದ ಕೆಳಹೂಗಳನ್ನು ಚಿವುಟುತ್ತಿರಿ. ಬಾಳೆಹಣ್ಣಿನ ಬುಟ್ಟಿಯ ಪಕ್ಕ ಹೂದಾನಿ ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಬಾಡುತ್ತದೆ. ಬಾಡಿದ್ದನ್ನು ಅಂದೇ ತೆಗೆಯಿರಿ. ಒಣಗಿದ ಹೂ ಮನೆಯಲ್ಲಿ ಬೇಡವೆಂದು ಫೆಂಗ್ ಶುಯಿಯವರೂ ಹೇಳುತ್ತಾರೆ, ಗುಡಿಸುವವರೂ ಹೇಳುತ್ತಾರೆ.

8. ಚಂದವೆಂದು ಎಲ್ಲವನ್ನೂ ತರಬೇಡಿ.
ಕಣಗಿಲೆಯ ಹೂ, ಎಲೆ, ಕಡ್ಡಿ ಎಲ್ಲವೂ ವಿಷ, ಅದನ್ನಿಟ್ಟ ನೀರೂ ಅಪಾಯ. ಪುಟ್ಟ ಮಕ್ಕಳಿರುವ ಮನೆಯ ಟೀಪಾಯಿ ಮೇಲೆ ಅದು ಖಂಡಿತ ಬೇಡ. ಬೆಕ್ಕು ಸಾಕಿದ್ದರೆ ಲಿಲ್ಲಿ ತರಬೇಡಿ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

9. ಅದೃಷ್ಟ ಕೊಳ್ಳಲು ಹೋಗಬೇಡಿ.
'ಲಕ್ಕಿ ಬ್ಯಾಂಬೂ' ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಗಿಡ. ನಗುವ ಬುದ್ಧ ಕಪಿಲವಸ್ತುವಿನ ಬುದ್ಧನಲ್ಲ. ಜೋಳಿಗೆ ಹೊತ್ತು ತಿರುಗುತ್ತಿದ್ದ ಬುದೈ ಎಂಬ 10ನೇ ಶತಮಾನದ ಚೀನೀ ಭಿಕ್ಷು. ಇಷ್ಟವಾದರೆ ಇಟ್ಟುಕೊಳ್ಳಿ, ಸಾಲ ತೀರಿಸುತ್ತಾನೆಂದು ಕಾಯಬೇಡಿ.

10. ಜೋಡಿಸುವಾಗ ಮಾತು ಬೇಡ.
ಫೋನು ಬೇರೆ ಕೋಣೆಯಲ್ಲಿರಲಿ, ಟಿವಿ ಆರಿಸಿ. ಒಂದು ಕಡ್ಡಿ ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಮುಂದಿನದು. ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಚಪಲವಿದ್ದರೆ ಎಲ್ಲ ಮುಗಿದ ಮೇಲೆ.

ಕಣ್ಣಾರೆ ಕಲಿಯಬೇಕೆಂದರೆ ದೂರ ಹೋಗಬೇಕಿಲ್ಲ. ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯುವಾಗ ಇಕೆಬಾನ ಸ್ಪರ್ಧೆಯೂ ಇರುತ್ತದೆ. ಗಾಜಿನ ಮನೆಯ ನೂಕುನುಗ್ಗಲಿಗೇ ಸಮಯ ಸುರಿಯದೆ ಆ ಮೇಜುಗಳ ಮುಂದೆ ಅರ್ಧ ಗಂಟೆ ನಿಲ್ಲಿ, ಜೋಡಿಸಿದವರು ಅಲ್ಲೇ ಸಿಕ್ಕರೆ ಕೆನ್‌ಜಾನ್ ಎಲ್ಲಿ ಕೊಂಡಿರೆಂದು ಕೇಳಿಕೊಂಡು ಬನ್ನಿ.