‘ದಿ ಫಾಲ್’ ಚಿತ್ರದಲ್ಲಿ ಬಹುತ್ವ ಮತ್ತು ಪ್ರಾತಿನಿಧ್ಯ

ಚಲನಚಿತ್ರಗಳಲ್ಲಿನ ಬಹುತ್ವವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ತೆರೆಯ ಮೇಲೆ ಯಾವ ಯಾವ ಜನಾಂಗದವರು ಕಾಣಿಸಿಕೊಂಡರೆಂಬ ಎಣಿಕೆಯಲ್ಲಿಯೇ ಮುಗಿಯುತ್ತವೆ. ಅವರನ್ನು ಯಾರ ಕಣ್ಣು ಕಂಡಿತು, ಯಾರ ಮಾತು ನಡೆಸಿತು ಎಂಬುದು ಬೇರೆಯದೇ ಪ್ರಶ್ನೆ. ಜಲಂಧರದಲ್ಲಿ ಜನಿಸಿದ ತರ್ಸೇಮ್ ಸಿಂಗ್ ಅವರ ‘ದಿ ಫಾಲ್’ (2006) ಎಂಬ ಅತಿವಾಸ್ತವ ಶೈಲಿಯ ಸಾಹಸಚಿತ್ರವು ಈ ಎರಡನೆಯ ಪ್ರಶ್ನೆಯನ್ನು ತನ್ನ ರಚನೆಯೊಳಗೇ ಇಟ್ಟುಕೊಂಡಿದೆ. 1981ರ ಬಲ್ಗೇರಿಯನ್ ಚಿತ್ರ ‘ಯೋ ಹೋ ಹೋ’ ಇದರ ಆಕರ.

ಇಪ್ಪತ್ತನೆಯ ಶತಮಾನದ ಆರಂಭದ ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆ. ಮೂಕಿಚಿತ್ರಗಳ ಸಾಹಸದೃಶ್ಯಗಳಲ್ಲಿ ನಾಯಕನಟನ ಬದಲಿಗೆ ಬೀಳುವ ರಾಯ್, ಕಾಲುಗಳ ಸ್ವಾಧೀನ ಕಳೆದುಕೊಂಡು ಮಲಗಿದ್ದಾನೆ. ಕಿತ್ತಳೆ ತೋಟದಲ್ಲಿ ಬಿದ್ದು ಕೈ ಮುರಿದುಕೊಂಡ ವಲಸೆ ಕುಟುಂಬದ ಬಾಲೆ ಅಲೆಕ್ಸಾಂಡ್ರಿಯಾಳಿಗೆ ಅವನು ಕಥೆ ಹೇಳುತ್ತಾನೆ. ಅವಳಿಂದ ಮಾರ್ಫಿನ್ ಗುಳಿಗೆ ತರಿಸಿಕೊಂಡು ಸಾಯಬೇಕೆಂಬುದು ಅವನ ಒಳಹೇತು. ಪ್ರೇಕ್ಷಕನು ಕೇಳುವುದು ರಾಯ್‌ನ ಮಾತನ್ನು. ನೋಡುವುದು ಮಾತ್ರ ಬಾಲೆಯ ಮನಸ್ಸಿನ ಚಿತ್ರಗಳನ್ನು.

ಈ ಬಿರುಕು ಸ್ಪಷ್ಟವಾಗುವುದು ‘ಇಂಡಿಯನ್’ ಎಂಬ ಪದದಲ್ಲಿ. ರಾಯ್‌ನ ಮನಸ್ಸಿನಲ್ಲಿರುವವನು ಅಮೆರಿಕದ ಮೂಲನಿವಾಸಿ; ವಿಗ್ವಾಮ್ ಎಂಬ ಗುಡಿಸಲನ್ನೂ ಅವನು ಹೆಸರಿಸುತ್ತಾನೆ. ಹುಡುಗಿಗೆ ಅಂಥವನು ಗೊತ್ತಿಲ್ಲ. ಅವಳು ಬಲ್ಲ ‘ಇಂಡಿಯನ್’ ತನ್ನೊಡನೆ ಕಿತ್ತಳೆ ಕೀಳುವ ಪೇಟಧಾರಿ. ಹೀಗಾಗಿ ತೆರೆಯ ಮೇಲೆ ಬರುವವನು ಭಾರತೀಯ ಯೋಧ. ಕನ್ನಡಕ್ಕೆ ಈ ಸಂಭಾಷಣೆಯನ್ನು ತರುವವರು ‘ಭಾರತೀಯ’, ‘ರೆಡ್ ಇಂಡಿಯನ್’ ಎಂಬೆರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದೊಡನೆ ಶ್ಲೇಷೆ ಸತ್ತುಹೋಗುತ್ತದೆ.

ಇದನ್ನು ಕೇವಲ ಬಾಲಿಶ ಪ್ರಮಾದವೆಂದು ತಳ್ಳಿಹಾಕಲಾಗದು. ಆ ಕಾಲದ ಕ್ಯಾಲಿಫೋರ್ನಿಯಾದ ಹೊಲತೋಟಗಳಲ್ಲಿ ಪಂಜಾಬಿ ಕೂಲಿಕಾರರು ನಿಜವಾಗಿಯೂ ದುಡಿಯುತ್ತಿದ್ದರು. 1917ರ ವಲಸೆ ಕಾಯ್ದೆಯು ಭಾರತೀಯರ ಪ್ರವೇಶವನ್ನು ತಡೆಯಿತು; 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಪೌರತ್ವದ ಅರ್ಹತೆಯಿಲ್ಲವೆಂದಿತು. ಕಾನೂನು ಕಾಣಲೊಲ್ಲದವನನ್ನು ಕೂಲಿಯ ಮಗಳು ಕಂಡಿದ್ದಾಳೆ. ಆದರೆ ಅದೇ ಗಳಿಗೆಯಲ್ಲಿ ಆ ನೆಲದ ಮೂಲನಿವಾಸಿ ತೆರೆಯಿಂದ ಮರೆಯಾಗುತ್ತಾನೆ. ಒಬ್ಬ ಅಂಚಿನವನ ಪ್ರವೇಶಕ್ಕೆ ಇನ್ನೊಬ್ಬನ ಸ್ಥಾನವೇ ತೆರವಾಗಬೇಕಾದುದು ಚಿತ್ರದ ಅತ್ಯಂತ ತೊಡಕಿನ ಅಂಶ. ಚಿತ್ರದ ಸೌಂದರ್ಯವನ್ನು ಮಾತ್ರ ಕೊಂಡಾಡುವ ವಿಮರ್ಶೆ ಇದನ್ನು ದಾಟಿಕೊಂಡು ಹೋಗುತ್ತದೆ.

ಒಟ್ಟಾ ಬೆಂಗಾ ಎಂಬ ಪಾತ್ರದ ಸ್ಥಿತಿಯೂ ಇಂಥದೇ. ಆಸ್ಪತ್ರೆಗೆ ಮಂಜುಗಡ್ಡೆ ತರುವ ಕಪ್ಪು ಕೆಲಸಗಾರನೇ ಕಥೆಯಲ್ಲಿ ಬಂಧನ ಹರಿದ ಗುಲಾಮನಾಗುತ್ತಾನೆ. ಕಾಂಗೋದಿಂದ ತರಲ್ಪಟ್ಟು 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಪ್ರದರ್ಶನಕ್ಕಿಡಲ್ಪಟ್ಟು, 1916ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಓಟಾ ಬೆಂಗಾನ ಹೆಸರು ಇವನಿಗಿದೆ. ಹೆಸರಿನ ಹಿಂದಿನ ಅವಮಾನದ ಚರಿತ್ರೆಯನ್ನು ಚಿತ್ರ ಹೇಳುವುದಿಲ್ಲ. ಭಾರತೀಯ ಯೋಧನ ಪತ್ನಿಗಂತೂ ಹೆಸರೂ ಇಲ್ಲ. ಗವರ್ನರ್ ಓಡಿಯಸ್‌ನಿಂದ ಅಪಹೃತಳಾಗಿ ಸಾಯುವುದಷ್ಟೇ ಅವಳ ಪಾಲಿನ ಕಥೆ.

ಸ್ಥಳಗಳ ಮಾತೂ ಬರಬೇಕು. ಜೋಧಪುರ, ಅಭಾನೇರಿಯ ಚಾಂದ್ ಬಾವಡಿ, ಫತೇಪುರ್ ಸಿಕ್ರಿ, ನಮೀಬಿಯಾದ ಮರಳುಗುಡ್ಡಗಳು ಒಂದೇ ಕಥಾಲೋಕದ ಅವಿಚ್ಛಿನ್ನ ಭೂಪಟವಾಗುತ್ತವೆ. ಹಳೆಯ ಪ್ರಾಚ್ಯವಾದಿ ದೃಷ್ಟಿಯ ಛಾಯೆ ಇಲ್ಲಿ ಇಲ್ಲದಿಲ್ಲ: ನೆಲವಿದೆ, ನೆಲದವರ ಬದುಕಿಲ್ಲ. ಭೂಗೋಳವನ್ನೇ ಅರಿಯದ ಬಾಲೆಯ ಕಲ್ಪನೆಯೆಂಬ ಸಮರ್ಥನೆ ಅರ್ಧ ಮಾತ್ರ ಸಲ್ಲುತ್ತದೆ. ಸ್ಥಳಗಳನ್ನು ಆರಿಸಿದವರು ಬಾಲೆಯಲ್ಲ.

ಹತಾಶನಾದ ರಾಯ್ ತನ್ನ ಪಾತ್ರಗಳನ್ನು ಒಂದೊಂದಾಗಿ ಕೊಲ್ಲತೊಡಗಿದಾಗ ಹುಡುಗಿ ಅಳುತ್ತ ಪ್ರತಿಭಟಿಸಿ, ಕಥೆ ತನ್ನದೂ ಹೌದೆಂದು ಹಕ್ಕು ಸ್ಥಾಪಿಸುತ್ತಾಳೆ. ಕೇಳುಗಳೇ ಕಥನದ ಒಡೆತನ ಬೇಡುವ ಈ ದೃಶ್ಯ ಚಿತ್ರದ ಶಿಖರ. ರಾಯ್ ಮಣಿಯುತ್ತಾನೆ, ಮುಖವಾಡದ ದರೋಡೆಕೋರ ಬದುಕುತ್ತಾನೆ. ಆ ಮುಖವಾಡದ ಹಿಂದಿರುವುದು ರಾಯ್‌ನದೇ ಮುಖ. ಭಾರತೀಯ ಯೋಧ, ಒಟ್ಟಾ ಬೆಂಗಾ ಮೊದಲಾದ ಸಂಗಡಿಗರು ಆ ವೇಳೆಗಾಗಲೇ ಸತ್ತಿದ್ದಾರೆ. ಅವರನ್ನು ಮರಳಿಸೆಂದು ಹುಡುಗಿಯೂ ಕೇಳುವುದಿಲ್ಲ.